ದಾವಲಸಾಬನ ಮಣ್ಣು

ಸತ್ತವರ ಮೇಲಿನ ಮಣ್ಣು ನಮ್ಮೂರಲ್ಲಿ ಸ್ವಂತದವರ ನೀರು ಕುಡಿಯುವುದಿಲ್ಲ. ಹೆಂಡತಿ ಸುರಿಯಲಿ, ಮಗ ಸುರಿಯಲಿ, ಕೆಸುವಿನ ಎಲೆಯ ಮೇಲೆ ಬಿದ್ದ ಹನಿಯ ಹಾಗೆ ನೀರು ಮುತ್ತುಮುತ್ತಾಗಿ ನಿಂತು, ಒಂದರ ಹಿಂದೊಂದು ಉರುಳಿ, ದಿಬ್ಬದ ಆಚೆ ಬಿದ್ದು ಅಲ್ಲಿ ಇಂಗುತ್ತದೆ. ಬೇರೆಯವರು ಸುರಿದರೆ ಮಾತ್ರ ಉಳುಮೆ ಮುಗಿಸಿ ಬಂದ ಎತ್ತಿನ ಹಾಗೆ ಗಟಗಟ ಕುಡಿಯುತ್ತದೆ. ನೀರು ಕಾಣದ ಮಣ್ಣು ಬಿರಿಯುತ್ತದೆ, ತಲೆಗಲ್ಲು ವಾಲುತ್ತದೆ, ಹೆಸರು ಅಳಿಯುತ್ತದೆ. ಹಾಗಾಗಿ ನಮ್ಮ ಹಿರಿಯರನ್ನು ಬೇರೆ ಮನೆಯವರು ನೋಡಿಕೊಳ್ಳುತ್ತಾರೆ, ಬೇರೆ ಮನೆಯ ಹಿರಿಯರನ್ನು ನಾವು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸೀತು. ನಮಗೋ, ಬೇರೆ ಊರುಗಳಲ್ಲಿ ಮಗನೇ ಅಪ್ಪನ ಗೋರಿಗೆ ನೀರು ಹಾಕಿಕೊಳ್ಳುತ್ತಾನೆ ಅಂತ ಕೇಳಿದರೆ, ತನ್ನ ಬೆನ್ನು ತಾನೇ ಉಜ್ಜಿಕೊಳ್ಳಲು ಒದ್ದಾಡುವವನನ್ನು ನೋಡಿದ ಹಾಗಾಗುತ್ತದೆ.

ಊರ ಪಡುವಲಕ್ಕಿರುವ ಆ ಜಾಗವನ್ನು ಹಿರೇರ ಹೊಲ ಅನ್ನುತ್ತೇವೆ. ಎಲ್ಲ ಜಾತಿ, ಎಲ್ಲ ಮತದವರಿಗೂ ಅದೊಂದೇ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮಣ್ಣೊಳಗೆ ಪದ್ಮಾಸನ ಹಾಕಿ ಕೂತವರಿದ್ದಾರೆ. ಬಲಮಗ್ಗುಲಾಗಿ ಪಡುವಣಕ್ಕೆ ಮುಖ ಮಾಡಿ ಮಲಗಿದವರಿದ್ದಾರೆ. ತಲೆಯ ಹತ್ತಿರ ಶಿಲುಬೆ ನಿಲ್ಲಿಸಿಕೊಂಡವರಿದ್ದಾರೆ. ಸುಟ್ಟು ಬೂದಿಯಾಗಿ, ಒಂದು ಹಿಡಿಯಷ್ಟೇ ಕಲ್ಲಿನ ಕೆಳಗೆ ಬಂದು ಸೇರಿದವರಿದ್ದಾರೆ. ಹಿಂದೆ ಯಾವ ಕಾಲಕ್ಕೋ ಬಂದು ಊರವರಿಗೆಲ್ಲ ಹಲ್ಲು ಕಟ್ಟಿಕೊಟ್ಟ ಚೀನಾದವನೊಬ್ಬನಿದ್ದಾನೆ. ಗಾಣದ ಮನೆಯವರು ನಾಲ್ಕು ತಲೆಮಾರಿನಿಂದ ವರ್ಷಕ್ಕೊಮ್ಮೆ ಅವನ ಕಲ್ಲನ್ನು ಕಸಬರಿಗೆಯಿಂದ ಗುಡಿಸಿ, ಎರಡು ಕಿತ್ತಳೆ, ಒಂದು ಬಟ್ಟಲು ಹಾಲಿಲ್ಲದ ಚಹಾ ಇಟ್ಟು ಬರುತ್ತಾರೆ. ಯಾಕೆ ಚಹಾ ಅಂತ ಅವರಿಗೂ ಗೊತ್ತಿಲ್ಲ. ಆದರೆ ಹಾಲು ಹಾಕಿದರೆ ತಪ್ಪು ಅಂತ ಆ ಮನೆಯ ಮೂರು ವರ್ಷದ ಕೂಸಿಗೂ ಗೊತ್ತು. ಕೂತವರಿಗೆ ನೀರು ನೆತ್ತಿಗೆ ಹಾಕಬೇಕು, ಮಲಗಿದವರಿಗೆ ತಲೆಯಿಂದ ಕಾಲಿನವರೆಗೆ ಉದ್ದಕ್ಕೆ ಹಾಕಬೇಕು. ಇವೆಲ್ಲ ನಮ್ಮೂರಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ.

ಹೊಲದ ಸುತ್ತ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರ ಉದ್ದಕ್ಕೂ ಬೇವಿನ ಗಿಡಗಳು. ಸ್ವಂತದವರು ಬಂದರೆ ಆ ಗೋಡೆಯ ಹತ್ತಿರ, ಬೇವಿನ ನೆರಳಲ್ಲಿ ಸಾಲಾಗಿ ನಿಲ್ಲುತ್ತಾರೆ. ಅಳಬಹುದು, ಓದಬಹುದು, ಹಾಡಬಹುದು. ಒಳಗೆ ಕಾಲಿಡುವಂತಿಲ್ಲ, ನೀರು ಹಾಕುವವರಿಗೆ ಹೀಗೆ ಮಾಡು ಹಾಗೆ ಮಾಡು ಅಂತ ಹೇಳುವಂತಿಲ್ಲ. ಒಳಗೆ ಹೋಗುವುದು ಒಂದೇ ಸಲ, ಮಣ್ಣು ಕೊಟ್ಟ ದಿನ. ಅವತ್ತು ಗಂಡ ಸತ್ತರೆ ಹೆಂಡತಿ, ಹೆಂಡತಿ ಸತ್ತರೆ ಗಂಡ, ಇಬ್ಬರೂ ಇಲ್ಲವಾದರೆ ಹಿರಿಯ ಮಗಳೋ ಮಗನೋ, ಒಬ್ಬರು ಮಾತ್ರ ಒಂದು ತಂಬಿಗೆ ನೀರು ಸುರಿಯುತ್ತಾರೆ. ಅದಕ್ಕೆ ಒಪ್ಪಿಸುವ ನೀರು ಅಂತ ಹೆಸರು. ನೀರು ಉರುಳಿ ಹೋಗುವುದನ್ನು ಎಲ್ಲರೂ ನೋಡುತ್ತಾರೆ. ಆಗ ಕೊಡ ಕಾಯುವವನು ಒಂದು ಮಣ್ಣಿನ ಕೊಡ ತಂದು, ಸತ್ತವರ ಮನೆಯಲ್ಲಿ ಯಾವತ್ತೂ ಉಣ್ಣದ ಒಂದು ಮನೆಯನ್ನು ಹೆಸರಿಟ್ಟು ಕರೆದು, ಅವರ ಕೈಗೆ ಕೊಡುತ್ತಾನೆ. ಅಲ್ಲಿಂದಾಚೆ ಆ ಮಣ್ಣು ಅವರದು.

ಕೊಡ ಹೊತ್ತವರಿಗೆ ಒಂದು ಹಕ್ಕಿದೆ. ವರ್ಷಕ್ಕೊಮ್ಮೆ, ಸತ್ತ ತಿಥಿಯಂದು, ಗೋಡೆಯ ಹತ್ತಿರ ನಿಂತ ಸ್ವಂತದವರನ್ನು ಸತ್ತವರ ಬಗ್ಗೆ ಒಂದು ಮಾತು ಕೇಳಬಹುದು. ಏನು ಕೇಳಿದರೂ ಅವರು ನಿಜ ಹೇಳಬೇಕು. ಕೇಳಿದ್ದನ್ನು ಮರೆಯಬಾರದು, ಮಾರಬಾರದು ಅಂತ ನಮ್ಮ ಹಿರಿಯರ ಮಾತು.

ನಮ್ಮದು ಹೂಗಾರರ ಮನೆ. ಅಪ್ಪ ಅಡಿವೆಪ್ಪ ಬೆಳಿಗ್ಗೆ ಮಠಕ್ಕೂ ಮನೆಗಳಿಗೂ ಹೂವು ಪತ್ರಿ ಕೊಟ್ಟು ಬರುತ್ತಿದ್ದ, ಸಂಜೆ ಮಠದಲ್ಲಿ ಪುರಾಣ ಓದುತ್ತಿದ್ದ. ಕಂಚಿನ ಗಂಟಲು. ಷಟ್ಪದಿಯ ಒಂದೊಂದು ಸಾಲನ್ನೂ ಎತ್ತಿ, ತಿರುಗಿಸಿ, ಇಳಿಸುತ್ತಿದ್ದ. ನಾನು ಕಂಬಕ್ಕೆ ಒರಗಿ ಮಾಲೆ ಕಟ್ಟುತ್ತ ಕೇಳುತ್ತಿದ್ದೆ. ಅವನ ಗಂಟಲು ನನಗೆ ಬರಲಿಲ್ಲ. ನಾಲ್ಕು ಜನರೆದುರು ನಾಲ್ಕು ಮಾತಾಡಲೂ ಬಾರದವನು ನಾನು. ಆದರೆ ಕಿವಿ ಬಂತು. ಅಪ್ಪ ಎಲ್ಲಿ ಉಸಿರು ತಗೊಳ್ಳುತ್ತಾನೆ, ಯಾವ ಸಾಲಿಗೆ ಅವನ ಕಣ್ಣು ಒದ್ದೆಯಾಗುತ್ತದೆ, ಇದು ನನಗೆ ಇವತ್ತಿಗೂ ನೆನಪಿದೆ. ಕೇಳುವುದೂ ಒಂದು ಪೂಜೆ ಕಣಪ್ಪ, ಎಲ್ಲರೂ ಓದಿದರೆ ಶಿವನಿಗೆ ಜೊತೆಯಲ್ಲಿ ಕೂತು ಕೇಳುವವರು ಸಿಗುವುದು ಯಾವಾಗ ಅಂತ ಅಪ್ಪ ನನ್ನ ಸಮಾಧಾನಕ್ಕೆ ಹೇಳುತ್ತಿದ್ದ.

ನನಗೆ ಹದಿನಾಲ್ಕು ತುಂಬಿದ ವರ್ಷ ಕಲಾಯಿ ದಾವಲಸಾಬ ತೀರಿಕೊಂಡ. ತಿದಿ, ತವರದ ಕಡ್ಡಿ, ನವಸಾಗರದ ಪುಡಿ ಹೊತ್ತು ಓಣಿ ಓಣಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ನಮ್ಮ ಓಣಿಗೂ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಅವನ ಬಗ್ಗೆ ನನಗಿದ್ದ ನೆನಪು ಒಂದೇ. ಕಾದ ಬೋಗುಣಿಯ ಒಳಗೆ ಹತ್ತಿಯಿಂದ ತವರ ಬಳಿದು, ಹೊಗೆ ಹೋದ ಮೇಲೆ ನನ್ನ ಮುಖದ ಮುಂದೆ ಹಿಡಿದು, "ನೋಡ್ಕೊ, ಚಂದ್ರಾಮ ಒಳಗ ಬಂದಾನ" ಅಂದಿದ್ದ. ನಮ್ಮವರು ಅವನ ಮನೆಯಲ್ಲಿ ಉಂಡವರಲ್ಲ, ಅವನ ಮನೆಯವರು ನಮ್ಮಲ್ಲಿ ಉಂಡವರಲ್ಲ. ಹಾಗಾಗಿ ಕೊಡ ನಮ್ಮ ಮನೆಗೆ ಬಂತು. ಅವ್ವ ಅದನ್ನು ನನ್ನ ಕೈಗೆ ಕೊಟ್ಟಳು. ಬಾಯಿಲ್ಲದವನಿಗೆ ಮಲಗಿದವರ ಜೊತೆ ಚೆನ್ನಾಗಿ ಹೊಂದುತ್ತದೆ ಅಂತ ನಕ್ಕಳು.

ಶುಕ್ರವಾರ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದೆ. ಮಣ್ಣಿನ ಮೇಲಿನ ಕಸ ತೆಗೆಯಬೇಕು, ಆದರೆ ಹಸಿರು ಹುಲ್ಲನ್ನು ಕೀಳಬಾರದು. ಅದು ಅವರಲ್ಲಿ ಸತ್ತವರ ಪರವಾಗಿ ಜಪ ಮಾಡುತ್ತದಂತೆ. ತಲೆಯ ಹತ್ತಿರ ಕಾಮಕಸ್ತೂರಿ ಗಿಡ. ಗುಲಾಬಿಯ ಎಸಳು ಉದುರಿಸಿ, ಮೂರು ಸಲ ತಲೆಯಿಂದ ಕಾಲಿಗೆ ನೀರು ಬಿಟ್ಟು, ಎರಡೂ ಅಂಗೈ ಮೇಲೆ ಮಾಡಿ ಸುಮ್ಮನೆ ನಿಲ್ಲಬೇಕು. ದಾವಲಸಾಬನ ಹೆಂಡತಿ ಜೈನಾಬಿ ಚಾಚಿ ಗೋಡೆಯ ಹತ್ತಿರ ನಿಂತು ಅರಬಿಯಲ್ಲಿ ಓದುತ್ತಿದ್ದಳು. ಒಂದು ಅಕ್ಷರದ ಅರ್ಥವೂ ನನಗೆ ತಿಳಿಯುತ್ತಿರಲಿಲ್ಲ. ಆದರೆ ಎಲ್ಲಿ ಎತ್ತುತ್ತಾಳೆ, ಎಲ್ಲಿ ಇಳಿಸುತ್ತಾಳೆ, ಎಲ್ಲಿ ಉಸಿರು ತಗೊಳ್ಳುತ್ತಾಳೆ ಎಂಬುದು ತಿಳಿಯುತ್ತಿತ್ತು. ಅವಳು ಎತ್ತಿದಾಗ ಕೊಡ ಬಾಗಿಸುತ್ತಿದ್ದೆ, ಇಳಿಸಿದಾಗ ನಿಲ್ಲಿಸುತ್ತಿದ್ದೆ. ಓದು ಅವಳದು, ನೀರು ನನ್ನದು. ಆ ಮಂತ್ರವನ್ನು ನನ್ನ ನಾಲಿಗೆಯ ಮೇಲೆ ತರುವ ಧೈರ್ಯ ನಾನು ಯಾವತ್ತೂ ಮಾಡಲಿಲ್ಲ. ಕಿವಿಯಲ್ಲಿ ಮಾತ್ರ ಇಟ್ಟುಕೊಂಡೆ.

ವರ್ಷಕ್ಕೊಂದು ಮಾತು ಕೇಳುತ್ತ ಬಂದೆ. ಮೊದಲ ವರ್ಷ ಏನು ಕೇಳಬೇಕು ತಿಳಿಯದೆ, ಅವನಿಗೆ ಯಾವ ಪಲ್ಯ ಸೇರುತ್ತಿತ್ತು ಅಂದೆ. ಚಾಚಿ ಅಳುತ್ತಿದ್ದವಳು ಫಕ್ಕನೆ ನಕ್ಕು, ಹುಣಸೆ ಚಿಗುರಿನದು ಅಂದಳು. ಎರಡನೆಯ ವರ್ಷ ಅವನು ಯಾವುದಕ್ಕೆ ಹೆದರುತ್ತಿದ್ದ ಅಂದೆ. ಕಪ್ಪೆಗೆ. ಬೆಂಕಿಯೊಡನೆ ಬದುಕಿದ ಗಂಡಸು ಮಳೆಗಾಲದಲ್ಲಿ ಕಪ್ಪೆ ನೋಡಿ ಹೊರಸಿನ ಮೇಲೆ ಹತ್ತುತ್ತಿದ್ದನಂತೆ. ಬಲಗೈ ಹೆಬ್ಬೆರಳು ಸುಟ್ಟು ಮರಗಟ್ಟಿದ್ದರಿಂದ ಎಡಗೈಯಲ್ಲಿ ರೊಟ್ಟಿ ಮುರಿದು, ಆಮೇಲೆ ಬಲಗೈಗೆ ಕೊಟ್ಟುಕೊಂಡು ಉಣ್ಣುತ್ತಿದ್ದನಂತೆ. ಮದುವೆಯ ದಿನ ಹೆಂಡತಿಗೆ ಕಾಣಿಕೆಯಾಗಿ ಒಂದು ಬಟ್ಟಲಿಗೆ ಒಳಗೂ ಹೊರಗೂ ಕಲಾಯಿ ಹಾಕಿ ಕೊಟ್ಟನಂತೆ. ಇಪ್ಪತ್ತೇಳು ವರ್ಷ ಚಾಚಿ ಹೇಳಿದಳು. ಅವಳೂ ಹೋದ ಮೇಲೆ ಮಗಳು ಮಾಬೂಬಿ ಗೋಡೆಗೆ ಬರತೊಡಗಿದಳು. ಅಪ್ಪ ಸತ್ತಾಗ ಅವಳಿಗೆ ಆರು ವರ್ಷ. ಅವಳ ಹತ್ತಿರ ಹೇಳಲು ಹೆಚ್ಚೇನಿರಲಿಲ್ಲ. ಇದ್ದಷ್ಟು ಹೇಳಿದಳು.

ಹೀಗೆ ನಲವತ್ತೊಂದು ವರ್ಷ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ನನ್ನ ಅಪ್ಪ ಹೋದ ವಾರವೂ ತಪ್ಪಿಸಲಿಲ್ಲ. ಅಪ್ಪನ ಮಣ್ಣನ್ನು ನಿವೃತ್ತ ಶಾಲಾ ಮಾಸ್ತರ ಸಂತಾನಪ್ಪನವರು ನೋಡಿಕೊಳ್ಳುತ್ತಾರೆ. ಶಿಲುಬೆ ಹಾಕಿಕೊಂಡ ಆ ಮನುಷ್ಯ ಸೋಮವಾರ ಮಡಿಯಲ್ಲಿ ಬಂದು, ಅಪ್ಪನ ಕಲ್ಲಿಗೆ ಮೂರು ಬೆರಳಿನ ವಿಭೂತಿ ಎಳೆಯುವುದನ್ನು ನಾನು ಬೇವಿನ ಕೆಳಗೆ ನಿಂತು ನೋಡುತ್ತೇನೆ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗೆ. ನಾನು ಎಳೆದಿದ್ದರೆ ಅಷ್ಟು ಚೆಂದ ಬರುತ್ತಿರಲಿಲ್ಲ.

ಈ ವರ್ಷ ಯುಗಾದಿ ಕಳೆದ ಎರಡನೆಯ ಶುಕ್ರವಾರ, ಎಂದಿನಂತೆ ಹೋಗಿ, ಎಸಳು ಉದುರಿಸಿ, ಕೊಡ ಬಾಗಿಸಿದೆ. ನೀರು ನಿಂತಿತು. ಮುತ್ತುಮುತ್ತಾಗಿ ನಿಂತು, ಒಂದು ಕ್ಷಣ ಬೆಳಕು ಹಿಡಿದು, ಉರುಳಿ, ನನ್ನ ಕಾಲಬೆರಳಿಗೆ ಬಂದು ತಾಗಿತು. ಕೈ ತಪ್ಪಿತೇನೋ ಅಂತ ಎರಡನೆಯ ಸಲ ಹಾಕಿದೆ. ಅದೂ ಉರುಳಿತು. ಮೂರನೆಯ ಸಲವೂ ಹಾಗೇ. ಪಕ್ಕದ ಸಾಲಿನಲ್ಲಿ ತನ್ನ ಪಾಲಿನ ಮಣ್ಣಿಗೆ ನೀರು ಹಾಕುತ್ತಿದ್ದ ಅಂದಾನಪ್ಪ ನೋಡುತ್ತಲೇ ನಿಂತಿದ್ದ. ಹಿಟ್ಟಿನ ಗಿರಣಿಯ ಅಂದಾನಪ್ಪ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ಪಿಸುಮಾತೂ ಮೂರು ಓಣಿಗೆ ಕೇಳುತ್ತದೆ.

ಮಧ್ಯಾಹ್ನದೊಳಗೆ ಊರಿಗೆ ಗೊತ್ತಾಯಿತು. ನಮ್ಮೂರವರಿಗೆ ಒಂದು ಹಳೆಯ ಕಥೆ ಬಾಯಿಪಾಠ. ಬಹಳ ಹಿಂದೆ ದೊಡ್ಡಮನೆಯ ಕೊಟ್ರಪ್ಪ ಸತ್ತಾಗ ಎಲ್ಲಿಂದಲೋ ಬಂದ ಒಬ್ಬ, ನಾನು ಇವನ ಮಗ ಅಂತ ನಿಂತನಂತೆ. ಹಿರಿಯರು ನೀರು ಹಾಕಿಸಿದರು. ಇಂಗಿತು. ಬಂದ ದಾರಿಯಲ್ಲೇ ಹೋದ. ಅಂದಿನಿಂದ ನೀರು ರಕ್ತದ ಗುರುತು ಹಿಡಿಯುತ್ತದೆ, ಉರುಳಿದರೆ ರಕ್ತಸಂಬಂಧ ಅಂತ ಊರಿನ ನಂಬಿಕೆ. ಈಗ ಹೂಗಾರ ಅಡಿವೆಪ್ಪನ ಮಗನ ನೀರು ಕಲಾಯಿ ದಾವಲಸಾಬನ ಮೇಲೆ ಉರುಳಿದೆ. ಮುಂದಿನ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಮಾಡಲಿಲ್ಲ. ಹೂವು ಕೊಡಲು ಹೋದ ಮನೆಗಳಲ್ಲಿ ಹೆಂಗಸರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು, ಅಷ್ಟೇ. ಒಬ್ಬಳು ಮಾತ್ರ, ನಿಮ್ಮ ಓಣಿಯಲ್ಲಿ ಆಗ ವರ್ಷಕ್ಕೆ ಎಷ್ಟು ಸಲ ಕಲಾಯಿ ಹಾಕಿಸುತ್ತಿದ್ದರೋ ಅಂದಳು, ಮನಸ್ಸಿನಲ್ಲಿ ಏನೂ ಇಲ್ಲದವಳ ಹಾಗೆ.

ಶನಿವಾರ ಕೊಡ ಕಾಯುವ ದುರಗಪ್ಪ ನಮ್ಮ ಕಟ್ಟೆಗೆ ಬಂದು ಕೂತ. ಒಳ್ಳೆಯ ಮನುಷ್ಯ. ನಾಲ್ಕು ವರ್ಷದ ಹಿಂದೆ ಹೆಂಡತಿಯನ್ನು ಕಳಕೊಂಡ ಮೇಲೆ ಇನ್ನೂ ಮೆತ್ತಗಾಗಿದ್ದ. ತಲೆ ಎತ್ತದೆ ಹೇಳಿದ. ಊರು ಮಾತಾಡುತ್ತಿದೆ, ಅಂದಾನಪ್ಪ ನಿಯಮ ಅಂದರೆ ನಿಯಮ ಅನ್ನುತ್ತಿದ್ದಾನೆ. ಗುರುಸಿದ್ದ, ಅಂದರೆ ನಾನು, ಸೋಮವಾರ ಬೆಳಿಗ್ಗೆ ಎಲ್ಲರೆದುರು ಅಡಿವೆಪ್ಪನ ಮಣ್ಣಿಗೆ ಒಂದು ತಂಬಿಗೆ ನೀರು ಹಾಕಲಿ. ಉರುಳಿದರೆ ಊರ ಬಾಯಿ ಮುಚ್ಚುತ್ತದೆ. ಇಂಗಿದರೆ ಏನು ಅಂತ ಅವನು ಹೇಳಲಿಲ್ಲ. ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ನನ್ನ ಅವ್ವ ಬಾಳವ್ವ. ಎಂಬತ್ತು ಹತ್ತಿರ ಬಂದಿದೆ. ಹನ್ನೆರಡನೆಯ ವಯಸ್ಸಿಗೆ ಆರು ಹಗಲಿನ ದಾರಿಯ ಬೇರೆ ಸೀಮೆಯಿಂದ ಮದುವೆಯಾಗಿ ಬಂದವಳು. ನಾನು, ಅವಳು, ಇಬ್ಬರೇ ಮನೆಯಲ್ಲಿ. ಅವಳ ಬಗ್ಗೆ ನಾನು ಅನುಮಾನ ಪಟ್ಟೆ ಅಂತ ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು. ಭಾನುವಾರ ಬೆಳಿಗ್ಗೆ ಗೋಡೆಯ ಮಾಡದಲ್ಲಿದ್ದ ಹಳೆಯ ಬೋಗುಣಿ ಇಳಿಸಿದೆ. ದಾವಲಸಾಬ ಕೊನೆಯ ಸಲ ಕಲಾಯಿ ಹಾಕಿದ್ದು. ಆಮೇಲೆ ಅದನ್ನು ನಾವು ಬಳಸಿರಲಿಲ್ಲ, ತಳದಲ್ಲಿ ಇನ್ನೂ ಅಂಗೈಯಗಲ ಹೊಳಪಿತ್ತು. ಅದರಲ್ಲಿ ನನ್ನ ಮುಖ ನೋಡಿಕೊಂಡೆ. ಮೂಗು ಅಪ್ಪನದಾ? ಹಣೆ? ಬಲಗೈ ಹೆಬ್ಬೆರಳನ್ನೂ ಹುಚ್ಚನ ಹಾಗೆ ಒಮ್ಮೆ ನೋಡಿಕೊಂಡೆ, ಸುಟ್ಟ ಗಾಯ ಏನು ವಂಶದಲ್ಲಿ ಬರುತ್ತದೆಯೇ. ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

"ನೀನೂನಾ?" ಅಂದಳು.

ಅಷ್ಟೇ. ನಾನು ಬೋಗುಣಿ ಕೆಳಗಿಟ್ಟೆ. ಅವಳ ಕಾಲು ಹಿಡಿಯಬೇಕು ಅನ್ನಿಸಿತು, ಹಿಡಿಯಲಿಲ್ಲ. ಅವ್ವ ಬಂದು ಬೋಗುಣಿ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮತ್ತೆ ಮಾಡದಲ್ಲಿಟ್ಟಳು. ಅವತ್ತು ಇಡೀ ದಿನ ಅವಳು ನನಗೆ ಬಡಿಸಿದಳು, ಮಾತಾಡಲಿಲ್ಲ. ಮಾತಿಲ್ಲದವನು ನಾನು, ನಮ್ಮ ಮನೆಯ ಮಾತೆಲ್ಲ ಅವಳದೇ. ಅವಳು ಸುಮ್ಮನಾದ ಮೇಲೆ ಮನೆಯಲ್ಲಿ ಗೋಡೆಗಳಷ್ಟೇ ಉಳಿದವು.

ಸೋಮವಾರ ಬೆಳಿಗ್ಗೆ ನಾನು ತಂಬಿಗೆ ತುಂಬಿಕೊಂಡು ಹೊರಟೆ. ಹಿಂದೆ ಕೋಲಿನ ಸದ್ದು ಕೇಳಿ ತಿರುಗಿದರೆ ಅವ್ವ. ಮದುವೆಯ ಇಳಕಲ್ಲ ಸೀರೆ ಉಟ್ಟಿದ್ದಳು. ಹಣೆಗೆ ದಪ್ಪ ವಿಭೂತಿ. ಮೆರವಣಿಗೆಗೆ ಹೊರಟವಳ ಹಾಗೆ ನಡುಬೀದಿಯಲ್ಲಿ ನಡೆದಳು. ಯಾರು ನೋಡುತ್ತಿದ್ದಾರೆ ಅಂತ ಅತ್ತಿತ್ತ ನೋಡಲಿಲ್ಲ, ನೋಡಲಿ ಅನ್ನುವಂತೆ ನಡೆದಳು.

ಹಿರೇರ ಹೊಲದಲ್ಲಿ ಅರ್ಧ ಊರು ಸೇರಿತ್ತು. ಗೋಡೆಯ ಹತ್ತಿರ ಮಾಬೂಬಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ನಿಂತಿದ್ದಳು. ಅವಳ ಅಪ್ಪನ ಹೆಸರೂ ಇದರಲ್ಲಿತ್ತಲ್ಲ. ಸಂತಾನಪ್ಪ ಮಾಸ್ತರು ಅಪ್ಪನ ಕಲ್ಲಿನ ಪಕ್ಕ ನಿಂತು, ತಮ್ಮ ಮನೆಗೆ ಯಾರೋ ನುಗ್ಗುತ್ತಿದ್ದಾರೆ ಅನ್ನುವ ಮುಖ ಮಾಡಿಕೊಂಡಿದ್ದರು. ದುರಗಪ್ಪ ಕೈ ಮುಗಿದು, ಹಾಕಪ್ಪಾ ಗುರುಸಿದ್ದ ಅಂದ. ನಾನು ಅಪ್ಪನ ನೆತ್ತಿಯ ಮೇಲೆ ತಂಬಿಗೆ ಎತ್ತಿದೆ. ನನ್ನ ಮನಸ್ಸಿನಲ್ಲಿ ಅಪ್ಪನ ಓದು ಕೇಳುತ್ತಿತ್ತು, ಅದರ ಹಿಂದೆಯೇ ಜೈನಾಬಿ ಚಾಚಿಯ ಓದೂ. ಯಾವುದಕ್ಕೆ ಕೈ ಬಾಗಿಸಬೇಕು ತಿಳಿಯಲಿಲ್ಲ.

ಅವ್ವನ ಕೋಲು ಬಂದು ನನ್ನ ಮೊಣಕೈಗೆ ಅಡ್ಡ ನಿಂತಿತು.

"ಇಳಸು," ಅಂದಳು. "ಒಪ್ಪಿಸಿ ಕೊಟ್ಟ ಮನಷ್ಯಾಗ ಇನ್ನೊಮ್ಮೆ ಹಾಕೂದಿಲ್ಲ. ಅವ ಏನ್ ತಪ್ಪು ಮಾಡ್ಯಾನಂತ ಎರಡ ಸಲ ಹೊರಗ ಹಾಕ್ತಿ?"

ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಸಂತಾನಪ್ಪ ಮಾಸ್ತರ ಕೈಗೆ ಕೊಟ್ಟಳು. ಇವತ್ತು ಸೋಮವಾರ, ನಿಮ್ಮ ಕೆಲಸ ನೀವು ಮಾಡಿರಿ ಮಾಸ್ತರ್ರ ಅಂದಳು. ಅವರು ಇದಕ್ಕೇ ಕಾಯುತ್ತಿದ್ದವರಂತೆ ಮೆಲ್ಲಗೆ ನೆತ್ತಿಗೆ ನೀರು ಬಿಟ್ಟರು. ಮಣ್ಣು ಕುಡಿಯಿತು. ಅಂದಾನಪ್ಪ ಮುಂದೆ ಬಂದು, ಹಾಗೆಂದರೆ ಹೇಗೆ ದೊಡ್ಡವ್ವಾ, ಊರಿಗೆ ಒಂದು ಉತ್ತರ ಬೇಡವೇ ಅಂದ. ಅವ್ವ ಅವನ ಕಡೆ ನೋಡಲೇ ಇಲ್ಲ. ದುರಗಪ್ಪನ ಕಡೆ ತಿರುಗಿದಳು.

"ದುರಗಪ್ಪ, ನಿನ್ನ ಹೇಣ್ತಿಗಿ ಒಪ್ಪಿಸೂ ನೀರು ಹಾಕಿದವ ಯಾರು?"

"ನಾನಾ ಬೇ."

"ನಿಂತಿತ್ತೋ, ಇಂಗಿತ್ತೋ?"

ದುರಗಪ್ಪ ತನ್ನ ಕಾಲು ನೋಡಿಕೊಂಡ. "ಉರುಳಿತು. ನನ್ನ ಪಾದದ ಮ್ಯಾಲೆ ಬಂತು."

"ಮತ್ತ ಆಕಿ ನಿನಗ ಒಡಹುಟ್ಟಿದಾಕಿ ಏನು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವ್ವ ಕೋಲನ್ನು ಅಪ್ಪನ ಕಲ್ಲಿನ ಕಡೆ ತೋರಿಸಿದಳು. ಇಪ್ಪತ್ತು ವರ್ಷದ ಹಿಂದೆ ಇಲ್ಲೇ, ನಿಮ್ಮೆಲ್ಲರೆದುರು ಇವನಿಗೆ ಒಪ್ಪಿಸುವ ನೀರು ಹಾಕಿದವಳು ನಾನು, ಅದು ಉರುಳಿದ್ದನ್ನು ನೋಡಿದವರು ನೀವು ಅಂದಳು. ನಾನು ಆರು ಹಗಲಿನ ದಾರಿಯಿಂದ ಬಂದವಳು. ನನ್ನಲ್ಲಿ ಇವನ ರಕ್ತ ಎಷ್ಟು ಹನಿ ಇತ್ತು? ಕುಂಬಾರ ಓಣಿಯ ಸೊಸೆ, ಮದುವೆಯಾಗಿ ಹನ್ನೆರಡು ದಿನಕ್ಕೆ ಗಂಡನನ್ನು ಕಳಕೊಂಡವಳು, ಅವಳ ನೀರು ಇಂಗಿದಾಗ ಹಣೆಬರಹ ಅಂತ ಲೊಚಗುಟ್ಟಿದಿರಿ. ಆ ಎಳೆಯ ಹುಡುಗಿಗೆ ಗಂಡನ ಮುಖ ಇನ್ನೂ ಪರಿಚಯ ಆಗಿರಲಿಲ್ಲ, ಅದು ನಿಮಗೆ ತಿಳಿಯಲಿಲ್ಲ. ದೊಡ್ಡಮನೆ ಕೊಟ್ರಪ್ಪನ ಮಗ ಅಂತ ಬಂದವನು ಮಗನೇ ಇದ್ದಿರಬಹುದು. ಅಪ್ಪನನ್ನು ಒಂದು ದಿನ ಕಂಡವನಲ್ಲ, ಮಣ್ಣು ಅವನನ್ನು ಹೇಗೆ ಗುರುತು ಹಿಡಿಯಬೇಕು? ವಾರವಾರ ನೀರು ಹಾಕುವವರು ನೀವು, ನೀರು ಏನು ಹೇಳುತ್ತಿದೆ ಅಂತ ಒಬ್ಬರೂ ಕೇಳಿಸಿಕೊಂಡಿಲ್ಲ.

ಕುಂಬಾರ ಓಣಿಯ ಆ ಸೊಸೆ ಈಗ ನಡುವಯಸ್ಸಿನ ಹೆಂಗಸು. ಗುಂಪಿನ ಹಿಂದೆ ನಿಂತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಮಗ ನಲವತ್ತೊಂದು ವರ್ಷ ಬಿಡದ ಇಲ್ಲಿ ಬಂದಾನ," ಅಂದಳು ಅವ್ವ. ಧ್ವನಿ ಏರಲಿಲ್ಲ. "ದಾವಲಸಾಬ ಅವನ್ನ ತನ್ನಾವ ಅಂದಾನ. ಅದಕ್ಕ ನಾ ನಾಚಬೇಕೇನು? ಹಡದಾಕಿ ನಾನು. ಇಂಥಾವನ್ನ ಹಡದೀನಿ ಅಂತ ಎದಿ ಎತ್ತಿ ಬಂದೀನಿ, ನೋಡ್ರಿ."

ಆಗ ಗೋಡೆಯ ಕಡೆಯಿಂದ ಮಾಬೂಬಿ ಮಾತಾಡಿದಳು. ಸ್ವಂತದವರು ಅಲ್ಲಿಂದ ನೀರಿನ ಬಗ್ಗೆ ಮಾತಾಡುವಂತಿಲ್ಲ, ಹಾಗಾಗಿ ನೀರಿನ ಮಾತೆತ್ತಲಿಲ್ಲ. ನನ್ನನ್ನು ಕರೆದು ಕೇಳಿದಳು.

"ಗುರುಸಿದ್ದಣ್ಣಾ, ನಮ್ಮಪ್ಪ ರೊಟ್ಟಿ ಯಾವ ಕೈಲೆ ಮುರೀತಿದ್ದ?"

ಅಷ್ಟು ಜನರೆದುರು ನಾನು ಯಾವತ್ತೂ ಮಾತಾಡಿದವನಲ್ಲ. ಆದರೆ ಇದಕ್ಕೆ ಉತ್ತರ ಹೇಳದೆ ಇರಲಾಗಲಿಲ್ಲ. ಎಡಗೈಲಿ ಅಂದೆ. ಬಲಗೈ ಹೆಬ್ಬೆರಳಲ್ಲಿ ಬಲ ಇರಲಿಲ್ಲ. ಮುರಿದು ಬಲಗೈಗೆ ಕೊಟ್ಟುಕೊಳ್ಳುತ್ತಿದ್ದ. ಮೊದಲ ತುತ್ತನ್ನು ನಿನ್ನ ಬಾಯಿಗಿಟ್ಟು ಆಮೇಲೆ ತಾನು ಉಣ್ಣುತ್ತಿದ್ದ.

ಮಾಬೂಬಿ ಮಕ್ಕಳ ಕಡೆ ತಿರುಗಿ, ಕೇಳಿದಿರಾ ಅಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ನನಗೆ ಅಪ್ಪ ಅಂದರೆ ಹೊಗೆಯ ವಾಸನೆ ಒಂದೇ ನೆನಪು. ನನ್ನ ಅವ್ವ ಇಪ್ಪತ್ತೇಳು ವರ್ಷ ಹೇಳಿದ್ದೆಲ್ಲ ಇವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಹೋದ ವರ್ಷದ ತಿಥಿಗೆ ಇವರು ನನ್ನನ್ನು ಕೇಳಲಿಲ್ಲ. ಇನ್ನು ಹೇಳಲು ಏನೂ ಉಳಿದಿಲ್ಲ ಅಣ್ಣಾ ಅಂತ ನಾನು ಅತ್ತೆ. ಹಾಗಾದರೆ ನೀನು ಕೇಳವ್ವ, ನಾನು ಹೇಳುತ್ತೇನೆ ಅಂದರು. ಅವತ್ತು ಈ ಗೋಡೆಯ ಮೇಲೆ ಕೂತು ಹೊತ್ತು ಏರುವವರೆಗೆ ಹೇಳಿದರು. ಮೊದಲನೆಯ ತುತ್ತಿನ ಮಾತು ಅವತ್ತು ಹೇಳಿರಲಿಲ್ಲ. ಇವತ್ತು ಸಿಕ್ಕಿತು.

ದುರಗಪ್ಪ ತನ್ನ ಹೆಂಡತಿಯ ಮಣ್ಣು ಇರುವ ಕಡೆ ಒಮ್ಮೆ ನೋಡಿದ. ಅವನ ಮುಖದಲ್ಲಿ ಏನೋ ಹಗುರಾಗಿತ್ತು. ಆಮೇಲೆ ನನ್ನ ಹತ್ತಿರ ಬಂದು ಕೊಡಕ್ಕೆ ಕೈ ಚಾಚಿದ. ಇದನ್ನು ನಾನು ಅಷ್ಟು ಹೊತ್ತೂ ಯೋಚಿಸಿಯೇ ಇರಲಿಲ್ಲ. ಅವ್ವ ಗೆದ್ದಿದ್ದಳು. ಗೆದ್ದದ್ದಕ್ಕೇ ಕೊಡ ನನ್ನದಲ್ಲವಾಯಿತು. ನೀರು ಉರುಳಿದವನು ನೀರು ಹಾಕುವಂತಿಲ್ಲ. ನಲವತ್ತೊಂದು ವರ್ಷದಲ್ಲಿ ಹನ್ನೊಂದು ಕೊಡ ಒಡೆದು ಬದಲಾಗಿದ್ದವು, ಇದು ಹನ್ನೆರಡನೆಯದು. ಹೊಲದ ಬಾವಿಯ ಬದಿಯಲ್ಲಿ ಕವುಚಿಟ್ಟಿದ್ದೆ. ಹೋಗಿ ತಂದು ದುರಗಪ್ಪನ ಕೈಗೆ ಕೊಟ್ಟೆ. ಬರಿಗೈ ಎಲ್ಲಿಟ್ಟುಕೊಳ್ಳಬೇಕು ತಿಳಿಯಲಿಲ್ಲ.

ದುರಗಪ್ಪ ಗುಂಪನ್ನು ಒಮ್ಮೆ ನೋಡಿ, ನೆಟ್ಟಗೆ ಅಂದಾನಪ್ಪನ ಮುಂದೆ ಹೋಗಿ ನಿಂತ.

"ಈಗ ಈ ಊರಾಗ ದಾವಲಸಾಬಗ ನಿನ್ನಷ್ಟು ದೂರದಾವ ಯಾರೂ ಇಲ್ಲಪಾ," ಅಂದ. "ಹಿಡಿ."

ಈ ಸಲ ಎಲ್ಲರೂ ನಕ್ಕರು, ಅವ್ವನೂ. ಅಂದಾನಪ್ಪ ಕೆಂಪಾದ. ಆದರೆ ನಿಯಮ ಅಂದರೆ ನಿಯಮ ಅಂದವನೇ ಅವನು. ಎರಡೂ ಕೈಯಿಂದ ಕೊಡ ಹಿಡಿದ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವತ್ತು ಸಂಜೆಯೇ ನಮ್ಮ ಕಟ್ಟೆಗೆ ಬಂದು ಅವ್ವನ ಕಾಲು ಮುಟ್ಟಿ, ಹೇಗೆ ಮಾಡಬೇಕು ಹೇಳಿಕೊಡಿರಿ ಅಂತ ನನ್ನ ಮುಂದೆ ಕೂತ. ಹುಲ್ಲು ಕೀಳಬೇಡ ಅಂದೆ. ಎಸಳು ಎಸೆಯಬೇಡ, ಉದುರಿಸು ಅಂದೆ. ಗಿರಣಿಯವನು ನಾಲ್ಕು ಸಲ ಕೇಳಿ ಕೇಳಿ ಬಾಯಿಪಾಠ ಮಾಡಿದ. ಅವನು ಹೋದ ಮೇಲೆ ಅವ್ವ ಮಾಡದಲ್ಲಿನ ಬೋಗುಣಿ ತೆಗೆದು ಅದರಲ್ಲೇ ನನಗೆ ಮಜ್ಜಿಗೆ ಕೊಟ್ಟಳು. ಕುಡಿ, ಚಂದ್ರಾಮ ಅದಾನ ಒಳಗ ಅಂದಳು. ದಾವಲಸಾಬ ನನಗೆ ಹೇಳಿದ ಆ ಮಾತು ಅವಳಿಗೆ ಹೇಗೆ ನೆನಪಿತ್ತು ಅಂತ ನಾನು ಕೇಳಲಿಲ್ಲ. ಆ ದಿನ ಬಾಗಿಲಲ್ಲಿ ನಿಂತು ಅವಳೂ ಕೇಳಿದ್ದಳು, ಅಷ್ಟೇ.

ಶುಕ್ರವಾರ ಬಂತು. ಎಂದಿನ ಹೊತ್ತಿಗೆ ಎಚ್ಚರವಾಯಿತು, ಎಂದಿನಂತೆ ಎಸಳು ಬಿಡಿಸಿ ಪೊಟ್ಟಣ ಕಟ್ಟಿದೆ, ಅದನ್ನು ಅಂದಾನಪ್ಪನ ಮನೆಗೆ ಕೊಟ್ಟೆ. ಕಾಲು ಹಿರೇರ ಹೊಲಕ್ಕೇ ಹೋಯಿತು. ಗೋಡೆಯ ಹತ್ತಿರ ಸೋಮವಾರಗಳಲ್ಲಿ ನಾನು ನಿಲ್ಲುವ ಜಾಗ ಬೇರೆ, ಅದು ಅಪ್ಪನ ಸಾಲು. ದಾವಲಸಾಬನ ಸಾಲಿನ ಎದುರು ಮಾಬೂಬಿ, ಅವಳ ಹೆಣ್ಣುಮಕ್ಕಳು ನಿಂತಿದ್ದರು. ನಾನು ದೂರದಲ್ಲಿ ಬೇವಿನ ಬೊಡ್ಡೆಯ ಹತ್ತಿರ ನಿಂತೆ. ಮಾಬೂಬಿ ತಿರುಗಿ ನೋಡಿದಳು. ಸೆರಗು ಸರಿ ಮಾಡಿಕೊಂಡು ಎಡಕ್ಕೆ ಒಂದು ಹೆಜ್ಜೆ ಸರಿದಳು. ಮಕ್ಕಳನ್ನೂ ಸರಿಸಿದಳು. ತಲೆಗಲ್ಲಿಗೆ ನೇರವಾಗಿ ಒಬ್ಬರು ನಿಲ್ಲುವಷ್ಟು ಜಾಗ ಆಯಿತು.

"ಬಾ ಅಣ್ಣಾ," ಅಂದಳು. "ಹಿರೇ ಮಗ ನಿಲ್ಲೂ ಜಾಗ ಇದು. ಖಾಲಿ ಇತ್ತು."

ಹೋಗಿ ನಿಂತೆ. ಒಳಗೆ ಅಂದಾನಪ್ಪ ಹುಲ್ಲು ತುಳಿಯದಂತೆ ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ಇಡುತ್ತಿದ್ದ. ಎಸಳು ಒಂದೇ ಕಡೆ ಗುಡ್ಡೆ ಬಿದ್ದಿದ್ದವು. ಹರಡಿ ಉದುರಿಸು ಅಂತ ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ನಾನು ಈಗ ಹೇಳುವಂತಿಲ್ಲ. ಮಾಬೂಬಿ ತಾಯಿಯ ಧಾಟಿಯಲ್ಲೇ ಓದತೊಡಗಿದಳು. ಎತ್ತುವ ಕಡೆ ಎತ್ತಿದಳು. ಅಂದಾನಪ್ಪ ತಲೆಯ ಕಡೆಯಿಂದ ಕೊಡ ಬಾಗಿಸಿದ. ದಾವಲಸಾಬನ ಮಣ್ಣು ಎರಡು ವಾರದ ಬಾಯಾರಿಕೆಯಲ್ಲಿತ್ತು, ಸದ್ದು ಮಾಡಿ ಕುಡಿಯಿತು. ನಾನು ಅಂಗೈ ಮೇಲೆ ಮಾಡಿ ನಿಂತು, ನಮ್ಮವನು ನೀರು ಕುಡಿಯುವುದನ್ನು ಕೇಳಿದೆ.